ತಳ ಹಿಡಿದ ಹಾಲು

ಭಾಗ್ಯಮ್ಮನ ಹೆಬ್ಬೆರಳಿನ ಉಗುರು ಸುಳ್ಳು ಹೇಳಿದ್ದೇ ಇಲ್ಲ. ಬ್ರೂಕ್‌ಫೀಲ್ಡ್ ಕಡೆಯೆಲ್ಲ ಇನ್ನೂ ರಾಗಿ ಹೊಲವಾಗಿದ್ದ ಕಾಲದಿಂದ ಆಕೆ ಹಾಲು ಕರೆದವಳು, ಹಾಲು ಅಳೆದವಳು, ಹಾಲು ಮಾರಿದವಳು. ಯಾರಾದರೂ ಹಾಲು ತಂದು ಮುಂದಿಟ್ಟರೆ ಉಗುರಿನ ಮೇಲೆ ಒಂದು ಹನಿ ಬಿಟ್ಟುಕೊಂಡು ಬೆರಳು ವಾಲಿಸುತ್ತಿದ್ದಳು. ಹನಿ ಅಂಟಿಕೊಂಡು ನಿಂತರೆ ಗಟ್ಟಿ ಹಾಲು, ಸರ್ರನೆ ಜಾರಿದರೆ ನೀರು. ಅಲ್ಲಿಗೆ ತೀರ್ಮಾನ ಆಯಿತು, ಅದರ ಮೇಲೆ ಯಾರೂ ಮಾತಾಡುವ ಹಾಗಿಲ್ಲ. ಈಗ ಹೊಲ ಹೋಗಿ ಆ ಜಾಗದಲ್ಲಿ ನಾಲ್ಕು ಮಹಡಿ ಎದ್ದಿದೆ. ಕೆಳಗೆ ಮನೆಯವರು, ಮೇಲೆಲ್ಲ ಕಂಪನಿ ಹುಡುಗಿಯರ ಪಿಜಿ. ಬಾಡಿಗೆ ಬೇಕಾದಷ್ಟು ಬರುತ್ತದೆ. ಆದರೂ ಹಿತ್ತಲಲ್ಲಿ ಕೆಂಪಿ ಅಂತ ಒಂದು ಹಸು ಇದೆ. ಗಂಡ ರಾಮಾಂಜಿನಪ್ಪ "ಮಾರ್ಬಿಡೆ ಅದನ್ನ, ಹುಡುಗೀರು ಸಗಣಿ ವಾಸನೆ ಅಂತಾರೆ" ಅಂದಾಗಲೆಲ್ಲ "ಬೇಕಾದ್ರೆ ಹುಡುಗೀರ್ನ ಖಾಲಿ ಮಾಡ್ಸು" ಅಂದು ಬಾಯಿ ಮುಚ್ಚಿಸಿದ್ದಾಳೆ.

ಇಂಥ ಹೆಂಗಸು ಹೆತ್ತ ಮಗಳ ಎದೆಹಾಲನ್ನೂ ಉಗುರಿಗೆ ಬಿಟ್ಟುಕೊಂಡು ನೋಡಿಬಿಟ್ಟಳು. ಫಜೀತಿ ಎಲ್ಲಾ ಶುರುವಾಗಿದ್ದು ಅಲ್ಲಿಂದ.

ಮಗಳು ಶ್ಯಾಮಲಾ ಬಾಣಂತನಕ್ಕೆ ಬಂದಿದ್ದಳು. ಮಗು ತಿಂಗಳು ತುಂಬುವ ಮೊದಲೇ ಅವಸರ ಮಾಡಿಕೊಂಡು ಹುಟ್ಟಿ, ಆಸ್ಪತ್ರೆಯಲ್ಲಿ ಕೆಲವು ದಿನ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದು ಬಂದಿತ್ತು. ಹೆಣ್ಣು ಕೂಸು, ಹಿಡಿಯಷ್ಟಿತ್ತು. ಎದೆಗೆ ಹಾಕಿಕೊಂಡರೆ ಒಂದೆರಡು ಸಲ ಚೀಪಿ ಸುಸ್ತಾಗಿ ನಿದ್ದೆ ಹೋಗಿಬಿಡುತ್ತಿತ್ತು. ಇಲ್ಲವೇ ಬಾಯಿಗೆ ಸರಿಯಾಗಿ ಸಿಗದೆ ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತಿತ್ತು. ಎದೆಯ ತೊಟ್ಟು ಒಡೆದು ರಕ್ತ ಒಸರಿದರೂ ಶ್ಯಾಮಲಾ ಹಲ್ಲು ಕಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ಕೂಸನ್ನು ಬಿಡದೆ ಹಿಡಿದುಕೊಂಡು ಕೂತಿರುತ್ತಿದ್ದಳು. ಡಾಕ್ಟರಮ್ಮ ಹೇಳಿದ್ದು ಇಷ್ಟು: ಮಗುವಿಗೆ ಶಕ್ತಿ ಬರುವ ತನಕ ಪಂಪಿನಿಂದ ಹಾಲು ತೆಗೆದು ಮೂತಿಯಿರುವ ಪುಟ್ಟ ಒಳಲೆಯಲ್ಲಿ ಕುಡಿಸಿ, ದಿನಾ ಎದೆಗೂ ಹಾಕಿಕೊಳ್ಳಿ, ತೆಗೆದಷ್ಟೂ ಊರುತ್ತದೆ. ಸಾಲದೇ ಹೋದರೆ ಡಬ್ಬಿ ಪುಡಿ ಇದ್ದೇ ಇದೆ. ಆದರೆ ಹಸುವಿನ ಹಾಲು ಒಂದು ತೊಟ್ಟೂ ಬೇಡ, ಇಂಥ ಕೂಸಿನ ಕರುಳು ತಡೆಯುವುದಿಲ್ಲ. ಈ ಕೊನೆಯ ಮಾತು ಹೇಳುವಾಗ ಡಾಕ್ಟರಮ್ಮ ಯಾಕೋ ಭಾಗ್ಯಮ್ಮನನ್ನೇ ನೋಡಿದ್ದರು.

ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಅಳಿಯ ನಂದೀಶ್ ಭಾನುವಾರ ಬಂದು ಕರೆಂಟಿನ ಪಂಪ್ ಕೊಟ್ಟು ಹೋದ. ಮೊದಮೊದಲು ಅದು ಗುರ್ ಗುರ್ ಅಂದದ್ದೇ ಬಂತು. ಬಾಟಲಿಯ ತಳ ಒದ್ದೆಯಾದರೆ ಪುಣ್ಯ. ಒಂದು ಬೆಳಿಗ್ಗೆ ಎರಡು ಚಮಚೆಯಷ್ಟು ಬಂದಾಗ ಶ್ಯಾಮಲಾ ಹಿಗ್ಗಿ ಹೋಗಿ "ಅಮ್ಮಾ, ನೋಡ್ಬಾ ಇಲ್ಲಿ" ಅಂತ ಕೂಗಿದಳು. ಭಾಗ್ಯಮ್ಮ ಬಂದಳು, ನೋಡಿದಳು. ತೆಳ್ಳಗೆ, ನಸುನೀಲಿಯಾಗಿತ್ತು. ಕೈ ತನ್ನ ಪಾಡಿಗೆ ತಾನು ಹೋಗಿ ಒಂದು ಹನಿ ಉಗುರಿಗೆ ಬಿಟ್ಟುಕೊಂಡಿತು, ಬೆರಳು ವಾಲಿತು, ಹನಿ ಜಾರಿತು.

"ನೀರಾಲು ಕಣಮ್ಮಿ," ಅಂದೇಬಿಟ್ಟಳು. "ಸಬ್ಬಸಿಗೆ ಸೊಪ್ಪು ತಿನ್ನು, ಬೆಳ್ಳುಳ್ಳಿ ತಿನ್ನು ಅಂತ ಬಡ್ಕೊಂಡೆ. ನನ್ ಮಾತು ಎಲ್ಲಿ ಕೇಳ್ತೀಯಾ?"

ಪ್ರೀತಿಯಿಂದಲೇ ಅಂದದ್ದು. ಪ್ರೀತಿ ಇದ್ದರೆ ಬಾಯಿಗೆ ಬಂದದ್ದು ಅನ್ನಬಹುದು ಅಂತ ಈ ತಾಯಂದಿರಿಗೆ ಯಾರು ಹೇಳಿಕೊಟ್ಟರೋ! ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯಲ್ಲಿ ಒಂದು ಗುಂಪನ್ನೇ ಆಳುವ ಹುಡುಗಿ ಶ್ಯಾಮಲಾ. ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. ಅವತ್ತಿನಿಂದ ಪಂಪ್ ಹಿಡಿದರೆ ಗೋಡೆ ಕಡೆ ತಿರುಗಿ ಕೂರತೊಡಗಿದಳು. ಬಂದಷ್ಟು ಹಾಲನ್ನು ಟವೆಲ್ಲಿನ ಮರೆಯಲ್ಲಿ ಒಯ್ದು ಒಳಲೆಗೆ ಸುರಿಯುತ್ತಿದ್ದಳು. ಭಾಗ್ಯಮ್ಮನಿಗೆ ತಾನು ಆಡಿದ ಮಾತು ಮಗಳ ಬೆನ್ನಲ್ಲಿ ಕಾಣುತ್ತಿತ್ತು. ವಾಪಸ್ಸು ತೆಗೆದುಕೊಳ್ಳೋಣ ಅಂದರೆ ಹೇಗೆ ತೆಗೆದುಕೊಳ್ಳುವುದು, ಉಗುರು ನೋಡಿದ್ದು ನೋಡಿದ್ದೇ ಅಲ್ಲವೇ?

ಶುಕ್ರವಾರ ಸಂಜೆ ಶ್ಯಾಮಲಾ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದಳು: "ಅಮ್ಮ, ನಾಳೆ ಬೆಳಿಗ್ಗೆವರೆಗೂ ತೆಗೀತೀನಿ. ಈ ಸಣ್ಣ ಬಾಟ್ಲಿ ತುಂಬಿದ್ರೆ ಮುಂದುವರಿಸ್ತೀನಿ. ಇಲ್ಲಾಂದ್ರೆ ಪಂಪ್ ತೊಳೆದು ಅಟ್ಟಕ್ಕೆ ಹಾಕ್ತೀನಿ, ಡಬ್ಬಿ ಹಾಲೇ ಸಾಕು. ನನ್ನ ಮೈಯೇ ಸರಿ ಇಲ್ಲ ಅನ್ಸ್ತಿದೆ ನಂಗೆ."

ಡಬ್ಬಿ ಹಾಲು ಕುಡಿದ ಮಕ್ಕಳೇನು ಬೆಳೆಯುವುದಿಲ್ಲವೇ? ಬೆಳೆಯುತ್ತವೆ, ಗುಂಡುಗುಂಡಾಗಿ ಬೆಳೆಯುತ್ತವೆ. ಭಾಗ್ಯಮ್ಮನ ಎದೆಗೆ ಚುಚ್ಚಿದ್ದು ಅದಲ್ಲ, 'ನನ್ನ ಮೈಯೇ ಸರಿ ಇಲ್ಲ' ಅಂದದ್ದು. ಆ ಮಾತು ಮಗಳ ಬಾಯಿಗೆ ಎಲ್ಲಿಂದ ಬಂತು ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು. ದೇವರ ಗೂಡಿನ ಮುಂದೆ ನಿಂತು 'ಆ ಬಾಟ್ಲಿ ಒಂದು ತುಂಬ್ಸಪ್ಪಾ, ಮಿಕ್ಕಿದ್ದು ನಾನು ನೋಡ್ಕೊತೀನಿ' ಅಂತ ಕೈ ಮುಗಿದಳು.

ಬಾಟಲಿ ತುಂಬಿತು! ಬೆಳಿಗ್ಗೆ ಎದ್ದು ನೋಡಿದರೆ ಫ್ರಿಜ್ಜಿನಲ್ಲಿ ಕತ್ತಿನ ತನಕ ತುಂಬಿದ ಬಾಟಲಿ. ಬಚ್ಚಲಿಗೆ ಹೋಗುವಾಗ ಶ್ಯಾಮಲಾಳ ನಡಿಗೆಯೇ ಬೇರೆಯಾಗಿತ್ತು. ಬಾಣಂತಿಗೆ ಎಣ್ಣೆ ತಿಕ್ಕಿ ನೀರು ಹೊಯ್ಯುವ ದೇವಕ್ಕ ಬಂದು ಒಲೆಗೆ ಸೌದೆ ಒಟ್ಟಿದ್ದಳು. "ಪಾಪು ಎದ್ರೆ ಆ ಹಾಲು ಬೆಚ್ಚಗೆ ಮಾಡಿ ಕುಡಿಸಮ್ಮ," ಅಂತ ಹೇಳಿ ಶ್ಯಾಮಲಾ ಬಾಗಿಲು ಹಾಕಿಕೊಂಡಳು.

ಭಾಗ್ಯಮ್ಮ ಬಾಟಲಿ ಕೈಗೆತ್ತಿಕೊಂಡಳು. ಮೇಲೆ ಹಳದಿ ಕೆನೆ ಕಟ್ಟಿತ್ತು, ಕೆಳಗೆ ತೆಳ್ಳಗೆ ನೀರಿನಂತೆ. ತಣ್ಣಗಿನ ಹಾಲು, ನಿನ್ನೆಯದು, ಅದೂ ಹಸಿ! ಆಕೆ ತನ್ನ ಜನ್ಮದಲ್ಲಿ ಆ ಮನೆಯೊಳಗೆ ಕಾಯಿಸದ ಹಾಲು ಒಂದು ಬೆಕ್ಕಿಗೂ ಇಟ್ಟವಳಲ್ಲ. ಬಿಸಿನೀರಿನಲ್ಲಿ ಬಾಟಲಿ ಇಟ್ಟರೆ ಸಾಕು ಅಂತ ಆಸ್ಪತ್ರೆಯ ನರ್ಸು ಹೇಳಿದ್ದು ಕಿವಿಗೆ ಬಿದ್ದಿತ್ತು. ಕಿವಿಗೆ ಬಿದ್ದದ್ದೆಲ್ಲ ಕೈಗೆ ಇಳಿಯಬೇಕಲ್ಲ? ಹಾಲು ಅಂದಮೇಲೆ ಪಾತ್ರೆ, ಪಾತ್ರೆ ಅಂದಮೇಲೆ ಒಲೆ. ಪುಟ್ಟ ಪಾತ್ರೆಗೆ ಸುರಿದು ಸ್ಟವ್ ಹಚ್ಚಿದಳು.

ಅಷ್ಟರಲ್ಲಿ ಮೇಲಿನಿಂದ ಕೂಗು: "ಆಂಟೀ, ನೀರು ಬರ್ತಿಲ್ಲ! ತಲೆಗೆ ಶಾಂಪೂ ಹಾಕ್ಕೊಂಡಿದ್ದೀನಿ ಆಂಟೀ!"

ಭಾಗ್ಯಮ್ಮ ಹಿತ್ತಲಿಗೆ ಹೋಗಿ ಮೋಟಾರ್ ಹಾಕಿದಳು. ಅಲ್ಲಿ ನೋಡಿದರೆ ಕೆಂಪಿ ಹಗ್ಗ ಕಳಚಿಕೊಂಡು, ಯಾವಳೋ ಹುಡುಗಿ ಒಣಗಲು ಹಾಕಿದ್ದ ದುಪಟ್ಟಾ ಮೆಲ್ಲುತ್ತಾ ನಿಂತಿತ್ತು. ಅದರ ಬಾಯಿಂದ ದುಪಟ್ಟಾ ಎಳೆದು, ಅದಕ್ಕೆ ನಾಲ್ಕು ಬೈದು, ಕಟ್ಟಿ ತಿರುಗುವ ಹೊತ್ತಿಗೆ ಮೂಗಿಗೆ ವಾಸನೆ ಹೊಡೆಯಿತು. ಹಾಲು ಹೊತ್ತಿದ ವಾಸನೆ.

ಓಡಿ ಬಂದು ಸ್ಟವ್ ಆರಿಸಿದಳು. ಕೆಂಪಿಯ ಹಾಲಾದರೆ ಸೇರುಗಟ್ಟಲೆ ಇರುತ್ತದೆ, ಸ್ವಲ್ಪ ಹೊತ್ತು ಮರೆತರೂ ನಡೆಯುತ್ತದೆ. ಇದು ಅಂಗೈಯಷ್ಟು ಹಾಲು. ಉಕ್ಕಿ, ಸ್ಟವ್ ಮೇಲೆ ಚೆಲ್ಲಿ, ಉಳಿದದ್ದು ಬತ್ತಿ, ಪಾತ್ರೆಯ ತಳದಲ್ಲಿ ಕಂದು ಬಣ್ಣದ ಚಕ್ಕೆ ಮಾತ್ರ ಇತ್ತು. ಹಾಲು ಬೆಂಕಿಗೆ ಬಿದ್ದರೆ ಹಸುವಿನ ಕೆಚ್ಚಲು ಬಾತುಕೊಳ್ಳುತ್ತದೆ ಅಂತ ಆಕೆಯ ಅತ್ತೆ ಹೇಳುತ್ತಿದ್ದಳು. ಉಕ್ಕಿದ ಕೂಡಲೇ ಒಲೆಗೆ ನೀರು ಚಿಮುಕಿಸಬೇಕು. ಚೊಂಬಿನಿಂದ ನೀರು ತೆಗೆದು ಸ್ಟವ್‌ಗೆ ಚಿಮುಕಿಸಿ, "ನನ್ ಮಗ್ಳಿಗೆ ಏನೂ ಆಗ್ದೆ ಇರ್ಲಪ್ಪಾ, ಏನಿದ್ರೂ ನಂಗೇ ಬರ್ಲಿ" ಅಂತ ಬೇಡಿಕೊಂಡಳು.

ಬಚ್ಚಲಿನಲ್ಲಿ ನೀರು ಹೊಯ್ಯುವ ಸದ್ದು ನಿಂತಿತು. ಇನ್ನೇನು ಮಗಳು ಈಚೆ ಬರುತ್ತಾಳೆ, ಮೊದಲು ಫ್ರಿಜ್ಜೇ ತೆಗೆಯುತ್ತಾಳೆ. ಭಾಗ್ಯಮ್ಮನ ಬುದ್ಧಿಗೆ ಮಂಕು ಕವಿಯಿತು. ಬೆಳಿಗ್ಗೆ ಕಾಯಿಸಿ ಆರಿಸಿಟ್ಟ ಕೆಂಪಿಯ ಹಾಲು ಪಕ್ಕದಲ್ಲೇ ಇತ್ತು. ಅದಕ್ಕೆ ಒಂದು ಚೂರು ನೀರು ಬೆರೆಸಿ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟಳು. ಹಾಲಿಗೆ ನೀರು ಬೆರೆಸಿದವರ ಮಾನ ಬೀದಿಯಲ್ಲಿ ಹರಾಜು ಹಾಕಿದ್ದ ಭಾಗ್ಯಮ್ಮ! ಕೂಸಿಗೆ ಕುಡಿಸುವ ಮೊದಲು ಏನಾದರೂ ಹೇಳಿ ಚೆಲ್ಲಿದರಾಯಿತು ಅಂದುಕೊಂಡಳು. ಏನು ಹೇಳುವುದು ಅಂತ ಮಾತ್ರ ಹೊಳೆದಿರಲಿಲ್ಲ.

ಶ್ಯಾಮಲಾ ತಲೆಗೆ ಬಟ್ಟೆ ಸುತ್ತಿಕೊಂಡು, ಸಾಂಬ್ರಾಣಿ ಹೊಗೆಯ ವಾಸನೆ ಸಮೇತ ಬಂದಳು. ಫ್ರಿಜ್ಜಿನ ಬಾಗಿಲು ತೆಗೆದವಳು ಅಲ್ಲೇ ನಿಂತಳು.

"ಅಮ್ಮಾ!" ಬಾಟಲಿಯನ್ನು ಬೆಳಕಿಗೆ ಹಿಡಿದಳು. "ನೋಡಮ್ಮ ಇದನ್ನ! ಎಷ್ಟು ಬೆಳ್ಳಗಿದೆ, ಗಟ್ಟಿಗಿದೆ! ಬೆಳಿಗ್ಗೆ ಇಷ್ಟು ಗಟ್ಟಿ ಇರ್ಲಿಲ್ಲ, ಇಟ್ಟ ಮೇಲೆ ಹೀಗಾಗಿದೆ."

ಓದಿದವಳು, ಹೀಗಾಗುತ್ತದೆಯೇ ಅಂತ ಯೋಚಿಸಬೇಡವೇ? ಯೋಚಿಸಲಿಲ್ಲ. ಎಷ್ಟೋ ರಾತ್ರಿಗಳ ನಿದ್ದೆ ಬಿಟ್ಟವಳು, ನಂಬುವುದಕ್ಕೆ ಒಂದು ನೆಪ ಸಿಕ್ಕರೆ ಸಾಕಾಗಿತ್ತು. ಬಾಟಲಿಯ ಮುಚ್ಚಳ ತೆಗೆದು ಬಂದಳು. "ಎಲ್ಲಿ, ನಿನ್ನ ಉಗುರು ತಾ."

"ಉಗುರು ಯಾಕೆ ಬಿಡು..."

"ಕೊಡಮ್ಮ ಅಂದ್ರೆ!" ತಾಯಿಯ ಕೈ ಎಳೆದುಕೊಂಡು ಒಂದು ಹನಿ ಬಿಟ್ಟು ತಾನೇ ಬೆರಳು ವಾಲಿಸಿದಳು. ಹನಿ ಅಂಟಿಕೊಂಡು ನಿಂತಿತು. ಶ್ಯಾಮಲಾ ನಕ್ಕಳು, ಹೆರಿಗೆಯಾದ ಮೇಲೆ ಭಾಗ್ಯಮ್ಮ ಆ ನಗು ನೋಡಿದ್ದು ಅದೇ ಮೊದಲು. "ಈಗ ಹೇಳು. ನೀರಾ?"

ಭಾಗ್ಯಮ್ಮ ಕೈ ಬಿಡಿಸಿಕೊಂಡು ಉಗುರನ್ನು ಸೆರಗಿಗೆ ಒರೆಸಿಕೊಂಡಳು. ಒಳಗೆ ಕೂಸು ಎದ್ದು ಕುಂಯ್ ಅಂದಿತು. ಶ್ಯಾಮಲಾ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಹೋಗಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಒಳಲೆಗೆ ಹಾಲು ಸುರಿದಳು. ಭಾಗ್ಯಮ್ಮ ಹಿಂದೆಯೇ ಹೋದಳು. ಕೈ ತಾಗಿದ ಹಾಗೆ ಮಾಡಿ ಚೆಲ್ಲಿಬಿಡಲೇ? ಆಗ ಕೂಸೂ ಉಳಿಯಿತು, ಮಗಳ ಧೈರ್ಯವೂ ಉಳಿಯಿತು, ತನ್ನ ಮಾನವೂ ಉಳಿಯಿತು. ಆದರೆ ಇವತ್ತಿಗೆ ಸರಿ, ನಾಳೆ? ನಾಳೆ ಪಂಪ್ ಹಿಡಿದಾಗ ಮತ್ತೆ ಅದೇ ತೆಳ್ಳನೆಯ ನೀಲಿ ಹಾಲು ಬರುತ್ತದೆ. ಗಟ್ಟಿ ಹಾಲು ಒಂದು ಸಲ ಕಂಡವಳು ಅದನ್ನು ಹೇಗೆ ತಡೆದಾಳು?

ಒಳಲೆಯ ಮೂತಿ ಕೂಸಿನ ತುಟಿಗೆ ತಾಗುವುದರಲ್ಲಿತ್ತು. ಭಾಗ್ಯಮ್ಮ ಮಗಳ ಮಣಿಕಟ್ಟು ಹಿಡಿದಳು.

"ಬ್ಯಾಡ. ಅದು ಕೆಂಪೀದು."

ಶ್ಯಾಮಲಾಗೆ ಅರ್ಥವಾಗಲಿಲ್ಲ. "ಏನು ಕೆಂಪೀದು?"

"ಆಲು. ನಿಂದಲ್ಲ ಕಣಮ್ಮಿ. ನಿಂದು ಕಾಯ್ಸಾಕೆ ಇಟ್ಟಿದ್ದೆ, ಮೋಟಾರ್ ಆಕಾಕೆ ಓದೆ... ಸುಟ್ಟೋಯ್ತು. ನಿಂಗೆ ಎಂಗೆ ಯೋಳದು ಅಂತ ಗೊತ್ತಾಗ್ದೆ ಇಂಗೆ ಮಾಡ್ಬಿಟ್ಟೆ."

ಒಳಲೆ ನೆಲಕ್ಕಿಟ್ಟಳು ಶ್ಯಾಮಲಾ. ಮೊದಲು ಸಿಟ್ಟು ಬಂತು. "ಬೆಚ್ಚಗೆ ಮಾಡು ಅಂದೆ ಅಮ್ಮ, ಕಾಯಿಸು ಅಂದ್ನಾ? ರಾತ್ರಿಯೆಲ್ಲ ಕೂತು ತೆಗ್ದಿದ್ದು ಕಣಮ್ಮ ಅದು! ಇದನ್ನ ಕುಡಿಸಿಬಿಟ್ಟಿದ್ರೆ ಏನ್ ಗತಿ?" ಆಮೇಲೆ ಇದ್ದಕ್ಕಿದ್ದಂತೆ ಸಿಟ್ಟೆಲ್ಲ ಇಳಿದುಹೋಗಿ, ತಣ್ಣನೆಯ ದನಿಯಲ್ಲಿ ಅಂದಳು: "ಹೋಗ್ಲಿ ಬಿಡು. ಹೇಗಿದ್ರೂ ನೀರು ತಾನೆ. ಆ ಡಬ್ಬಿ ತಾ."

ಬೈದಿದ್ದರೆ ಭಾಗ್ಯಮ್ಮ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗಲಿಲ್ಲ. ಅಡಿಗೆಮನೆಗೆ ಹೋದಳು, ಡಬ್ಬಿ ತರಲಿಲ್ಲ, ಹೊತ್ತಿದ ಪಾತ್ರೆ ತಂದು ಮಗಳ ಮುಂದೆ ಕುಕ್ಕಿದಳು.

"ನೋಡು ಇದನ್ನ. ನೀರು ಕಾಯ್ಸಿದ್ರೆ ಏನಾಯ್ತದೆ? ಆವಿಯಾಗಿ ಓಯ್ತದೆ, ಪಾತ್ರೆ ಬರಿದಾಯ್ತದೆ. ನೀರು ತಳ ಇಡ್ದಿದ್ದು ಎಲ್ಲಾದ್ರೂ ಕಂಡಿದ್ದೀಯಾ?" ಭಾಗ್ಯಮ್ಮನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಜಗಳದ ವರಸೆಯಲ್ಲೇ ಇತ್ತು. "ಅಂಗೈಯಷ್ಟು ಆಲು ಕಣೆ. ಉಕ್ಕೈತೆ, ಕೆನೆ ಕಟ್ಟೈತೆ, ಎಂಗೆ ಕಚ್ಕೊಂಡೈತೆ ನೋಡು. ಇಂಥ ಆಲ್ನ ನೀರು ಅಂದ್ನಲ್ಲ, ನನ್ ಉಗುರಿಗೆ ಬೆಂಕಿ ಬೀಳಾ! ಅಸ ಕರಿಯೋಳು ನಾನು. ಅಸಿನ ಆಲು ನೋಡಾ ಕಣ್ಣಲ್ಲಿ ನಿನ್ ಆಲು ನೋಡ್ಬಿಟ್ಟೆ."

ಶ್ಯಾಮಲಾ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಬೆರಳು ಇಳಿಸಿ ತಳವನ್ನು ಕೆರೆದಳು. ಸುಲಭಕ್ಕೆ ಬರಲಿಲ್ಲ. ಉಗುರು ಒತ್ತಿ ಕೆರೆದಾಗ ಒಂದು ಚೂರು ಕಂದು ಚಕ್ಕೆ ಎದ್ದುಬಂತು. ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡಳು.

"ಸಿಹಿ ಇದೆ," ಅಂದಳು. ಅಂದು, ಅಳತೊಡಗಿದಳು. ಅಳುತ್ತಲೇ ನಕ್ಕಳು. "ಸುಟ್ಟಿದ್ರೂ ಸಿಹಿ ಇದೆ ಕಣಮ್ಮ."

ಇವರಿಬ್ಬರ ರಗಳೆ ಕಟ್ಟಿಕೊಂಡು ಕೂಸಿಗೇನು? ಅದಕ್ಕೆ ಹಸಿವು. ಇದ್ದಬದ್ದ ಶಕ್ತಿಯೆಲ್ಲ ಕೂಡಿಸಿ ಕಿರುಚಿತು. ಆ ಕೂಗಿಗೆ ಶ್ಯಾಮಲಾಳ ನೈಟಿಯ ಎದೆ ಎರಡೂ ಕಡೆ ಒದ್ದೆಯಾಯಿತು. ಗೋಡೆ ಕಡೆ ತಿರುಗುವುದನ್ನು ಮರೆತು, ತಾಯಿಯ ಎದುರಿಗೇ ಕೂಸನ್ನು ಎದೆಗೆ ಹಾಕಿಕೊಂಡಳು. ಹಾಲು ತಾನೇ ತೊಟ್ಟಿಕ್ಕುತ್ತಿತ್ತು. ಕೂಸು ತಡಕಾಡಿತು, ಹಿಡಿಯಿತು, ಜಾರಿತು, ಮತ್ತೆ ಹಿಡಿಯಿತು. ಶ್ಯಾಮಲಾ ನೋವಿಗೆ ಕಣ್ಣು ಮುಚ್ಚಿಕೊಂಡಳು. ಭಾಗ್ಯಮ್ಮ ಪಕ್ಕದಲ್ಲೇ ಕೂತು ಕಿವಿಗೊಟ್ಟಳು. ಆಗ ಕೇಳಿಸಿತು: ಗುಟುಕ್. ಸ್ವಲ್ಪ ಬಿಟ್ಟು ಇನ್ನೊಂದು.

ಎಷ್ಟೋ ಗುಟುಕಿನ ಮೇಲೆ ಕೂಸು ಎಂದಿನಂತೆ ಸುಸ್ತಾಗಿ ನಿದ್ದೆಗೆ ಜಾರಿತು. ಹೊಟ್ಟೆ ತುಂಬಿರಲಿಲ್ಲ, ಇನ್ನಷ್ಟು ಬೇಕಾಗುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು.

"ಪಂಪ್ ತಾ ಅಮ್ಮ," ಅಂದಳು ಶ್ಯಾಮಲಾ. "ಈ ಕಡೇದು ಸುಮ್ನೆ ಸೋರಿ ಹೋಗ್ತಿದೆ."

ಭಾಗ್ಯಮ್ಮ ತಟ್ಟನೆ ಎದ್ದಳು. ಬಾಗಿಲ ಹತ್ತಿರ ನಿಂತು, ಅಳುಕುತ್ತಾ ಕೇಳಿದಳು: "ಬಾಟ್ಲೀನ ಮಾತ್ರ ಕಾಯ್ಸ್ಬೋದಾ?"

"ಬಾಟ್ಲಿ ಮಾತ್ರ. ಮೋಟಾರ್ ಹತ್ರ ಹೋಗ್ಬೇಡ."

ಬಾಟಲಿ ಕುದಿಸಿ, ಆರಿಸಿ, ಪಂಪಿಗೆ ಜೋಡಿಸಿಕೊಟ್ಟಳು. ಶ್ಯಾಮಲಾ ಕೂತ ಕಡೆಯೇ ಕೂತು ಹಾಲು ತೆಗೆದಳು. ಬಾಟಲಿ ಕಳಚಿ ತಾಯಿಯ ಕೈಗೆ ಕೊಡುವಾಗ ಒಂದು ಹನಿ ಭಾಗ್ಯಮ್ಮನ ಹೆಬ್ಬೆರಳಿನ ಮೇಲೆ ಬಿತ್ತು, ಸರಿಯಾಗಿ ಉಗುರಿನ ಮೇಲೆ. ಶ್ಯಾಮಲಾ ನೋಡುತ್ತಿದ್ದಳು. ಹಳೇ ಅಭ್ಯಾಸ, ಬೆರಳು ವಾಲಲು ಹೊರಟಿತು. ಭಾಗ್ಯಮ್ಮ ಅದನ್ನು ವಾಲಲು ಬಿಡಲಿಲ್ಲ. ಹನಿಯನ್ನು ಹಾಗೇ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು.