ಕದಡಿದ ನೀರು ಕಂಡರೆ ಗುಡ್ಡ ಹತ್ತಿ

ಕೊಲ್ಲಿ ನಾಡಿನ ವಾರದ ರಜೆ ಶುಕ್ರವಾರ. ಅಂದು ಇಗರ್ಜಿಯಲ್ಲಿ ಬಲಿಪೂಜೆ ಮುಗಿಸಿ ನೇರ ವಾದಿಗೆ ಪಿಕ್‌ನಿಕ್ ಹೊರಡುವುದು ಐಡಾ ಮತ್ತು ಸಿರಿಲ್ ಮನೆಯ ರೂಢಿ. ವಾದಿ ಎಂದರೆ ಗುಡ್ಡಗಳ ನಡುವಿನ ಹೊಳೆಪಾತ್ರ. ಹೆಚ್ಚಿನ ದಿನ ಬರೀ ಕಲ್ಲು, ನಡುವೆ ಒಂದೆಳೆ ನೀರು. ಈ ಸಲ ದಾರಿಗೆ ಪೊಲೀಸರು ಪಟ್ಟಿ ಕಟ್ಟಿದ್ದರು. ಸಿರಿಲ್ ಅದನ್ನು ಎತ್ತಿ ಹಿಡಿದ, ಐಡಾ ಕಾರು ದಾಟಿಸಿದಳು. ತಪ್ಪು ಇಬ್ಬರದೂ.

ಪಟ್ಟಿಗೆ ಕಾರಣವಿತ್ತು. ಎರಡು ವಾರದ ಹಿಂದಿನ ಮಳೆಗೆ ಮೇಲ್ಗಡೆಯ ಗುಡ್ಡವೊಂದು ಜರಿದಿತ್ತು. ಯಾವುದೋ ಕಾಲದ ಜ್ವಾಲಾಮುಖಿ ಉಗುಳಿದ ಕಪ್ಪು ಕಲ್ಲು, ಮಣ್ಣು ವಾದಿಗೆ ಅಡ್ಡ ಬಿದ್ದು, ಹಿಂದೆ ಕೆರೆಯೇ ನಿಂತಿತ್ತು.

ಕೋಳಿ ಸುಕ್ಕದ ಡಬ್ಬಿ ಬಿಚ್ಚುವಷ್ಟರಲ್ಲಿ ಹೆಲ್ಮೆಟ್ ತೊಟ್ಟ ಹೆಂಗಸೊಬ್ಬಳು ದಡದಿಂದ ಓಡಿ ಬಂದಳು. ವಾದಿ ಕಬೀರ್ ಬಡಾವಣೆಯಲ್ಲಿ ಇವರ ಪಕ್ಕದ ಫ್ಲ್ಯಾಟಿನ ಕಾಂತಾಮಣಿ, ಮೈಸೂರಿನ ಎಂಜಿನಿಯರ್. ಆ ಕೆರೆ ಇಳಿಸುವ ಕೆಲಸ ಅವಳದೇ.

"ಐಡಾ, ಯಾಕ್ರೀ ಇಲ್ಲಿಗೆ ಬಂದ್ರಿ? ಮೊದಲು ಮೇಲೆ ಹತ್ತಿ!"

"ಎಂತ ಹೆದರಿಸುದು ಮೇಡಂ?" ಸಿರಿಲ್ ನಕ್ಕ. "ಆಕಾಶ ನೋಡಿ, ಒಂದು ಮೋಡ ಇಲ್ಲ. ನಾವು ಸ್ವರ್ಣಾ ನದಿಯ ದಡದಲ್ಲಿ ಹುಟ್ಟಿದವರು."

"ಇದಕ್ಕೆ ಮಳೆ ಬೇಕಿಲ್ಲ ಸಿರಿಲ್. ಅದು ಸಿಮೆಂಟಿನ ಅಣೆಕಟ್ಟಲ್ಲ, ಸಡಿಲ ಕಲ್ಲುರಾಶಿ. ನೀರು ಒಳಗಿಂದೊಳಗೇ ಮಣ್ಣು ಕೊರೀತಾ ಇರುತ್ತೆ. ಪಕ್ಕದಲ್ಲಿ ಕಾಲುವೆ ಕಡಿದು, ಪಂಪ್ ಇಟ್ಟು ನೀರು ಇಳಿಸ್ತಾ ಇದ್ದೀವಿ. ಇನ್ನೂ ಹತ್ತು ದಿನ ಬೇಕು."

"ಊಟ ಮಾಡಿ ಹೋಗ್ತೇವೆ. ಒಂದು ಗಂಟೆ, ಖಲಾಸ್."

ಐಡಾ ಡಬ್ಬಿ ಮುಚ್ಚಿದಳು. "ಒಡೆದ್ರೆ ನಮಗೆ ಗೊತ್ತಾಗುದು ಹೇಗೆ ಕಾಂತಾ?"

"ಸೈರನ್ ಆಗುತ್ತೆ. ಅದಕ್ಕೂ ಮೊದಲೇ ಈ ತಿಳಿನೀರು ಕದಡಬಹುದು, ಇಲ್ಲಾ ದಿಢೀರ್ ನಿಲ್ಲಬಹುದು. ಯಾವುದು ಕಂಡ್ರೂ ಪಕ್ಕದ ಗುಡ್ಡ ಹತ್ತಿ. ವಾದಿ ಉದ್ದಕ್ಕೆ ಓಡಬೇಡಿ, ಕಾರಿನ ಆಸೆ ಬಿಡಿ."

ಸಿರಿಲ್ ಕೇಳಿಸಿಕೊಳ್ಳಲೇ ಇಲ್ಲ. ನೀರಲ್ಲಿ ಆಡುತ್ತಿದ್ದ ಒಂಬತ್ತರ ಮಗಳು ಹೇಝಲ್ ಬಳಿ ಹೋಗಿ ನಿಂತವನು ಒಮ್ಮೆಲೇ ಕೂಗಿದ. "ಐಡಾ, ಕೆಂಪು ನೀರು ಮಾರಾಯ್ತಿ! ಹೊಸ ನೀರು! ಮೀನು ಹತ್ತುತ್ತದೆ, ಬೈರಾಸು ತಾ!"

ಊರಲ್ಲಿ ಮೊದಲ ಮಳೆಗೆ ಹೊಳೆ ಕೆಂಪಾದರೆ ಮೀನು ಗದ್ದೆಗೇರುತ್ತದೆ. ಟವೆಲಿನಂಥ ಬೈರಾಸು ಒಡ್ಡಿ ಮೀನು ಹಿಡಿದು ಬೆಳೆದವನು ಅವನು. ಐಡಾಳೂ ಹಾಗೆಯೇ ಬೆಳೆದವಳು, ಕೈ ತಾನಾಗಿ ಬೈರಾಸಿಗೆ ಹೋಯಿತು. ಮರುಕ್ಷಣ ಕೈ ಹಿಂದೆಗೆದಳು. ಮಳೆಯೇ ಬಂದಿಲ್ಲ, ಹೊಸ ನೀರು ಎಲ್ಲಿಂದ?

ಅವಳು ಎದ್ದುಬಿದ್ದು ಓಡಿ ಮಗಳ ರಟ್ಟೆ ಹಿಡಿದಳು. "ಸಿರಿಲ್, ಅದು ಮೀನಿನ ನೀರಲ್ಲ! ಬನ್ನಿ!"

ಆಗ ಸೈರನ್ ಊಳಿಟ್ಟಿತು. ಸಿರಿಲ್‌ನ ಮುಖ ಬಿಳಿಚಿತು. ಆದರೂ ಕಾಲು ಹೊರಳಿದ್ದು ಕಾರಿನ ಕಡೆಗೆ.

"ಡ್ಯಾಡಾ, ಲೀವ್ ಇಟ್!" ಹೇಝಲ್ ಚೀರಿದಳು.

ಕಾಂತಾಮಣಿ ಅವನ ಅಂಗಿ ಹಿಡಿದು ಎಳೆದಳು. ನಾಲ್ವರೂ ಕೈಕಾಲು ತರಚಿಕೊಂಡು ಗುಡ್ಡ ಹತ್ತಿದರು. ಆಳೆತ್ತರಕ್ಕೂ ಮೇಲೆ ಹತ್ತಿ, ಇನ್ನೂ ಮೇಲೆ ಹತ್ತಿ, ತಿರುಗಿ ನೋಡಿದಾಗ ವಾದಿಯೇ ಕಾಣಲಿಲ್ಲ. ಕೆಸರು, ಬಂಡೆ, ಖರ್ಜೂರದ ಮರ ಒಟ್ಟಿಗೆ ಉರುಳಿ ಬಂದವು. ಕಾರು ಎರಡು ಸಲ ಮಗುಚಿ ಮಾಯವಾಯಿತು. ಮಗಳು ನಿಂತಿದ್ದ ಜಾಗದಲ್ಲಿ ಲಾರಿಯಷ್ಟು ದೊಡ್ಡ ಬಂಡೆ ಬಂದು ನಿಂತಿತ್ತು. ಐಡಾ ಮಗಳನ್ನು ಅವುಚಿಕೊಂಡು ಗೊಳೋ ಎಂದು ಅತ್ತಳು.

ಸಿರಿಲ್ ಫೋನ್ ಒತ್ತಿದ. ಹಿಂದಿನಿಂದ ಬರಬೇಕಿದ್ದ ಗೆಳೆಯ ಜೇಮ್ಸ್‌ಗೆ.

"ಎಲ್ಲಿದ್ದೀ? ಅಲ್ಲಿಂದಲೇ ತಿರುಗಿಸು. ಇಲ್ಲ, ಕಾರಣ ಆಮೇಲೆ. ಮಕ್ಕಳು ಇದ್ದಾರಲ್ಲ ಗಾಡಿಯಲ್ಲಿ? ನನ್ನ ಮೇಲೆ ಆಣೆ, ತಿರುಗಿಸು ಮಾರಾಯಾ!"

ಓದುವವರೇ, ಕೇಳುವವರೇ, ಊರಿನ ಹೊಳೆಯ ತಿಳುವಳಿಕೆ ಇಲ್ಲಿನ ವಾದಿಗೆ ಸಾಲದು. ದಾರಿ ಮುಚ್ಚಿದ್ದರೆ ಹಿಂದಿರುಗಿ. ಗುಡ್ಡ ಜರಿದು ನಿಂತ ಕೆರೆಯ ಕೆಳಗೆ ಬಿಸಿಲಿದ್ದರೂ ಕೂರಬೇಡಿ. ನೀರು ಕದಡಿದರೆ, ನಿಂತರೆ, ಸೈರನ್ ಕೇಳಿದರೆ ಎಲ್ಲ ಬಿಟ್ಟು ಪಕ್ಕದ ಎತ್ತರಕ್ಕೆ ಏರಿ. ನಿಮ್ಮಲ್ಲೊಬ್ಬರು ಕೆಂಪು ನೀರು ನೋಡಿ ಕುಣಿದಾಡಿದರೆ ಚರ್ಚೆಗೆ ನಿಲ್ಲದೆ ಕೈಹಿಡಿದು ಎಳೆಯಿರಿ. ಅವರಿಗೆ ಸಿಟ್ಟು ಬರಲಿ. ಸಿಟ್ಟು ಮಾಡಲು ಅವರು ಬದುಕಿರುತ್ತಾರೆ.