ನಾಲ್ಕು, ಐದು, ಒಂದು

ಹೋದ ಸೆಪ್ಟೆಂಬರಿನಲ್ಲಿ ಪ್ರಾಂತ್ಯದ ಗುರಿ ಹೊಡೆಯುವ ಪಂದ್ಯ ನಡೆಯುತ್ತಿದ್ದಾಗ ಲೆಸಿಯಾ ಬೋಡ್ನಾರಳ ರೈಫಲ್ಲಿನಿಂದ ಗುಂಡು ತುಂಬುವ ಪೆಟ್ಟಿಗೆ, ಅಂದರೆ ಮೊದಲನೆಯ ಮ್ಯಾಗಜಿನ್, ಕಳಚಿ ನೆಲಕ್ಕೆ ಬಿತ್ತು. ಅರವತ್ತು ಸೆಕೆಂಡಿನಲ್ಲಿ ಹತ್ತು ಗುಂಡು ಹಾರಬೇಕಿದ್ದಲ್ಲಿ ಐದೇ ಹಾರಿದವು. ನಾಲ್ವರ ತಂಡ ಹನ್ನೊಂದನೆಯ ಸ್ಥಾನಕ್ಕೆ ಜಾರಿತು. ಸಸ್ಕಾಚೆವಾನ್ ಪ್ರಾಂತ್ಯದ ಅಷ್ಟು ದೊಡ್ಡ ಬಯಲಿನಲ್ಲಿ ಅವಳಿಗೆ ಮುಖ ಮುಚ್ಚಿಕೊಳ್ಳಲು ಒಂದು ಮರವೂ ಸಿಗಲಿಲ್ಲ.

ತಂಡದ ನಾಯಕ ಎಲ್ವುಡ್ ಟ್ರಾಸ್ಕ್ ಬಾಯಿ ಬಿಟ್ಟು ಬೈಯಲಿಲ್ಲ. ಮಾರ್ಚಿನಲ್ಲಿ ಫೋನ್ ಮಾಡಿ, ಅವಳ ಜಾಗಕ್ಕೆ ತನ್ನ ತಂಗಿಯ ಮಗ ಡೇಲ್‌ನನ್ನು ಹಾಕಿಕೊಳ್ಳುವುದಾಗಿ ಹೇಳಿದ, ಅಷ್ಟೆ. ಹನ್ನೆರಡು ವರ್ಷ ಆ ತಂಡದಲ್ಲಿದ್ದವಳು ಒಂದು ಪರೀಕ್ಷೆ ಕೇಳಿದಳು. ಅದೇ ಸುತ್ತು, ಅದೇ ಮುನ್ನೂರು ಮೀಟರ್, ಡೇಲ್ ಒಂದು ಸಲ, ತಾನು ಒಂದು ಸಲ. ಎಲ್ವುಡ್ ಮೇ ತಿಂಗಳ ಮೊದಲ ಶನಿವಾರಕ್ಕೆ ಒಪ್ಪಿದ.

ಫೋನ್ ಬರುವ ಮೊದಲೇ ಅವಳು ಕೆಲಸ ಶುರುಮಾಡಿದ್ದಳು. ಕಾನೂನಿನ ಪ್ರಕಾರ ಇಂಥ ರೈಫಲ್ಲಿನ ಮ್ಯಾಗಜಿನ್ನಿನಲ್ಲಿ ಐದು ಗುಂಡು ಮಾತ್ರ ಹಿಡಿಯಬೇಕು. ಹಾಗಾಗಿ ಉದ್ದನೆಯ ಪೆಟ್ಟಿಗೆಗೆ ಅಡ್ಡಲಾಗಿ ರಿವೆಟ್ ಎಂಬ ಲೋಹದ ಮೊಳೆ ಹೊಡೆದು, ಆರನೆಯದು ಇಳಿಯದಂತೆ ಮಾಡಿ ಮಾರುತ್ತಾರೆ. ಅವಳು ಮೂರು ಕಂಪನಿಗಳ ಹನ್ನೊಂದನ್ನು ತರಿಸಿದಳು. ಒಂದೊಂದಕ್ಕೂ ಉಗುರಿನ ಕೆಂಪು ಬಣ್ಣದಿಂದ ಅಂಕಿ ಬರೆದಳು. ಚಳಿಗಾಲದ ಮುಂಜಾನೆ ತಾನು ಓಡಿಸುವ ಶಾಲೆಯ ಬಸ್ಸಿನ ಇಂಜಿನ್ ಬಿಸಿಯಾಗುವಷ್ಟು ಹೊತ್ತು, ಅಡುಗೆಮನೆಯ ಮೇಜಿನ ಮುಂದೆ ಕೂತು, ಮದ್ದಿಲ್ಲದ ಸುಳ್ಳು ಗುಂಡು ತುಂಬುವಳು, ರೈಫಲ್ಲಿಗೆ ತಳ್ಳುವಳು, ಕೆಳಗೆ ಜಗ್ಗುವಳು. ಮತ್ತೆ ತುಂಬುವಳು. ಭಾನುವಾರ ಮೈದಾನಕ್ಕೆ ಹೋಗಿ ನಿಜದ ಗುಂಡಿನಿಂದ ಅದನ್ನೇ ಮಾಡುವಳು.

ಮೊದಲ ವಾರದಲ್ಲೇ ಅವಳಿಗೆ ಕಳ್ಳ ಸಿಕ್ಕಿದ. ಐದನೆಯ ಗುಂಡು ಹಾಕಿದ ಮೇಲೆ ಸ್ಪ್ರಿಂಗಿಗೆ ಕೆಳಗೆ ಕೂದಲೆಳೆಯಷ್ಟೂ ಜಾಗವಿಲ್ಲ, ರಿವೆಟ್ ಅಡ್ಡ. ಮೇಲೆ, ಗುಂಡನ್ನು ನಳಿಗೆಗೆ ನೂಕುವ ಬೋಲ್ಟ್ ಮುಚ್ಚಿದ್ದರೆ ಅಲ್ಲಿಯೂ ಜಾಗವಿಲ್ಲ. ಮ್ಯಾಗಜಿನ್ ಒಳಗೆ ಹೋದಂತೆ ಕಾಣುತ್ತದೆ, ಆದರೆ ಕೊಂಡಿ ಕಚ್ಚಿರುವುದಿಲ್ಲ. ಪಂದ್ಯದಲ್ಲಿ ಮೊದಲನೆಯ ಮ್ಯಾಗಜಿನ್ನನ್ನು ಬೋಲ್ಟ್ ಮುಚ್ಚಿಯೇ ಹಾಕಬೇಕು.

ಕೈಕೊಟ್ಟವುಗಳನ್ನು ಅವಳು ಗ್ಯಾರೇಜಿನ ಬೆಂಚಿಗೆ ಬಿಗಿದ ಇಕ್ಕಳದಲ್ಲಿಟ್ಟು ಅಪ್ಪಚ್ಚಿ ಮಾಡಿದಳು, ಮತ್ತೆ ಬಳಸುವ ಆಸೆಯಾಗಬಾರದೆಂದು. ಉಳಿದವು ಮೂರು. ಅವು ಕೂಡ ಐದು ತುಂಬಿದರೆ ಇಪ್ಪತ್ತು ಸಲಕ್ಕೊಮ್ಮೆ ಮೋಸ ಮಾಡುತ್ತಿದ್ದವು. ನಾಲ್ಕು ತುಂಬಿದರೆ, ಇನ್ನೂರು ಸಲ ಜಗ್ಗಿದರೂ ಅಲುಗಲಿಲ್ಲ.

ಗಂಡ ಮೈರೊನ್‌ಗೆ ಇದು ನಗೆಯ ವಿಷಯ. "ಸರ್ಕಾರ ಕೊಟ್ಟಿರೋದೇ ಐದು. ಅದರಲ್ಲೂ ಒಂದನ್ನ ನೀನು ವಾಪಸ್ ಕೊಡ್ತೀಯಾ?"

"ಸರ್ಕಾರಕ್ಕೆ ಯಾಕೆ ಕೊಡ್ಲಿ? ಸ್ಪ್ರಿಂಗ್‌ಗೆ ಕೊಡ್ತಿದೀನಿ. ಐದಂದ್ರು, ಐದರೊಳಗೇ ಹೊಡೆದು ತೋರಿಸ್ತೀನಿ."

ರಿವೆಟ್ ಕಿತ್ತುಬಿಟ್ಟರೆ ಯಾರು ನೋಡುತ್ತಾರೆ ಎಂದು ಪಕ್ಕದ ಊರಿನವನೊಬ್ಬ ಕೇಳಿದ್ದ. ಕಳ್ಳತನದಿಂದ ಗೆಲ್ಲುವುದಾದರೆ ಅವಳಿಗೆ ಹನ್ನೊಂದು ಮ್ಯಾಗಜಿನ್ ಯಾಕೆ ಬೇಕಿತ್ತು?

ಪರೀಕ್ಷೆಯ ಶನಿವಾರ ಮೈದಾನದಲ್ಲಿ ಗಾಳಿ ಅಡ್ಡಡ್ಡ ಬೀಸುತ್ತಿತ್ತು. ಅವಳು ಚಾಪೆಯ ಮೇಲೆ ಮೂರು ಮ್ಯಾಗಜಿನ್ ಜೋಡಿಸಿದ್ದನ್ನು ಕಂಡು ಎಲ್ವುಡ್ ಇದೇನೆಂದು ಕೇಳಿದ. ಮೊದಲನೆಯದರಲ್ಲಿ ನಾಲ್ಕು, ಅದು ಖಾಲಿಯಾದಾಗ ಬೋಲ್ಟ್ ತೆರೆದೇ ನಿಂತು ಮೇಲೆ ಜಾಗ ಸಿಗುವುದರಿಂದ ಎರಡನೆಯದರಲ್ಲಿ ಐದು, ಮೂರನೆಯದರಲ್ಲಿ ಒಂದು ಎಂದಳು. ನೋಡಲು ಬಂದು ಬೆಂಚಿನ ಮೇಲೆ ಕೂತಿದ್ದವರು ನಕ್ಕರು. ಇಲ್ಲಿ ಎಲ್ಲರೂ ಐದು ಐದೇ ಹೊಡೆಯುವುದು ಎಂದು ಎಲ್ವುಡ್ ಹೇಳಿದ. ಅವಳು ನಿಯಮದ ಪುಸ್ತಕ ತೆರೆದು ಅವನ ಮುಂದಿಟ್ಟಳು. ಒಂದರಲ್ಲಿ ಐದಕ್ಕಿಂತ ಹೆಚ್ಚಿರಬಾರದು ಎಂದಿತ್ತು. ಕಡಿಮೆ ಇರಬಾರದು ಎಂದಿರಲಿಲ್ಲ.

ಡೇಲ್ ಮೊದಲು ಹೊಡೆದ. ಐವತ್ತಕ್ಕೆ ನಲವತ್ತಾರು. ಚೊಕ್ಕ ಕೆಲಸ. ಚಿಕ್ಕವನಿದ್ದಾಗ ಎಂಟು ವರ್ಷ ಅವಳ ಬಸ್ಸಿನಲ್ಲೇ ಶಾಲೆಗೆ ಹೋದವನು. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ಆಮೇಲೆ ಅವಳು. ನಾಲ್ಕು ಹಾರಿದವು, ಬದಲಾಯಿಸಿದಳು, ಐದು ಹಾರಿದವು, ಮತ್ತೆ ಬದಲಾಯಿಸಿದಳು. ಕೊನೆಯದು ಸಮಯ ಮುಗಿಯುವ ಸೀಟಿಗೆ ಎರಡು ಸೆಕೆಂಡ್ ಮುಂಚೆ ಹೊರಟಿತು. ಗುರಿಹಲಗೆಯಲ್ಲಿ ಹತ್ತು ತೂತು. ನಲವತ್ನಾಲ್ಕು.

ಎಲ್ವುಡ್ ತಂಡದ ಪಟ್ಟಿಯ ಹಲಗೆಯನ್ನು ಕೈಗೆತ್ತಿಕೊಂಡ. "ನೀನೇ ಕೇಳಿದ್ದು ಲೆಸಿಯಾ. ಒಂದು ಸಲ ಅಂದಿದ್ದೆ."

"ಅಂದಿದ್ದೆ. ಎರಡು ಅಂಕ ಕಮ್ಮಿ, ಒಪ್ಕೋತೀನಿ. ಆದ್ರೆ ಹೋದ ವರ್ಷ ನಾವು ಸೋತಿದ್ದು ಎರಡು ಅಂಕದಿಂದ್ಲಾ?"

ಅವಳು ಡೇಲ್ ಕಡೆಗೆ ತಿರುಗಿದಳು. "ನಿನ್ನ ಮ್ಯಾಗಜಿನ್ನಿಗೆ ಐದು ತುಂಬು. ಬೋಲ್ಟ್ ಮುಚ್ಚು. ನಳಿಗೆ ಗುರಿ ಕಡೆಗೇ ಇರ್ಲಿ, ಹೊಡೀಬೇಡ. ಹಾಕಿ ಜಗ್ಗು ಅಷ್ಟೆ. ಹತ್ತು ಸಲ."

"ಡೇಲ್, ಬೇಕಾಗಿಲ್ಲ ಬಿಡು," ಎಂದ ಎಲ್ವುಡ್.

"ಇರ್ಲಿ ಮಾವ, ನನಗೂ ಗೊತ್ತಾಗ್ಬೇಕು."

ಅವನು ಹಾಕಿದ, ಜಗ್ಗಿದ. ಬೆಂಚಿನವರು ಎದ್ದು ಬಂದು ಎಣಿಸತೊಡಗಿದರು. ಆರರವರೆಗೆ ಏನೂ ಆಗಲಿಲ್ಲ. ಯಾರೋ ಕೆಮ್ಮಿ ನಕ್ಕರು. ಲೆಸಿಯಾ ಕೈಕಟ್ಟಿ ನಿಂತೇ ಇದ್ದಳು. ಅವಳ ಕುತ್ತಿಗೆ ಮಾತ್ರ ಕೆಂಪಾಗಿತ್ತು. ಏಳು. ಎಂಟನೆಯ ಸಲ ಇಡೀ ಮ್ಯಾಗಜಿನ್ ಮೆತ್ತಗೆ ಡೇಲ್‌ನ ಕೈಗೇ ಬಂತು.

ಅವನು ಅದನ್ನು ತಿರುಗಿಸಿ ನೋಡಿದ. "ಮಿಸೆಸ್ ಬೋಡ್ನಾರ್, ನಾನು ಸರಿಯಾಗೇ ತಳ್ಳಿದ್ದೆ."

"ನಾನೂ ಸರಿಯಾಗೇ ತಳ್ಳಿದ್ದೆ ಮಗಾ."

ಡೇಲ್ ತನಗಿಂತ ಅವಳೇ ಹೋಗುವುದು ವಾಸಿ ಎಂದು ಸೋದರಮಾವನಿಗೆ ಹೇಳಿದ. ಎಲ್ವುಡ್ ರಾಜಿಯ ದನಿಯಲ್ಲಿ, ರಾಜಧಾನಿ ರೆಜೈನಾದಿಂದ ಪಂದ್ಯಕ್ಕೆ ಬರುವವರೆಲ್ಲ ಮೂರು ಮ್ಯಾಗಜಿನ್ ಕಂಡು ನಗುತ್ತಾರೆ, ಎರಡರಲ್ಲೇ ಹೇಗಾದರೂ ಮುಗಿಸಲಾಗದೇ ಎಂದು ಕೇಳಿದ.

"ಆಗಲ್ಲ. ಮೂರು. ನಗೋರು ನಗ್ಲಿ, ಹತ್ತೂ ಹಾರುತ್ತೆ."

ಅವನು ನಾಲ್ಕನೆಯ ಸಾಲಿನಲ್ಲಿ ಅವಳ ಹೆಸರು ಬರೆಯತೊಡಗಿದ. ಅವಳು ಪಕ್ಕಕ್ಕೆ ಬಂದು ನೋಡಿದಳು. ಮೇಲಿನ ಮೂರು ಹೆಸರು ಶಾಯಿಯಲ್ಲಿದ್ದವು, ತನ್ನದು ಪೆನ್ಸಿಲ್ಲಿನಲ್ಲಿ. ಅವಳು ಜೇಬಿನಿಂದ ಪೆನ್ನು ತೆಗೆದು ಅವನ ಮುಂದೆ ಹಿಡಿದಳು. ಅವನು ತೆಗೆದುಕೊಳ್ಳುವವರೆಗೂ ಹಿಡಿದೇ ಇದ್ದಳು.