ಪಾಣೆಮಂಗಳೂರಿನ ಕಾಸಲ್

ಜುಲೈಕಾಳನ್ನು ಕೆಳಗಿಳಿಸಬೇಕಾಗಿತ್ತು. ಇಷ್ಟೇ ಕೆಲಸ. ಬಿ.ಸಿ. ರೋಡಿನಿಂದ ಬಂದ ಡಾಕ್ಟರು ಅವಳ ಕಣ್ಣಿಗೆ ಟಾರ್ಚು ಹಿಡಿದರು, ಎಡಗೈ ಎತ್ತಿ ಬಿಟ್ಟರು. ಅದು ಹಾಸಿಗೆಯ ಮೇಲೆ ಧೊಪ್ಪನೆ ಬಿದ್ದದ್ದನ್ನು ನೋಡಿ, "ಸ್ಟ್ರೋಕ್. ಈಗಲೇ ಮಂಗಳೂರಿಗೆ ಹೊರಡುವ, ತಡ ಮಾಡಿದಷ್ಟೂ ಕಷ್ಟ, ನಾನೂ ಜೊತೆಗೆ ಬರ್ತೇನೆ" ಎಂದರು. ಅಂಗಳದಲ್ಲಿ ಓಮ್ನಿ ಬಾಗಿಲು ತೆರೆದು ನಿಂತಿತ್ತು. ಮಗ ಫಾಝಿಲ್ ಇದ್ದ, ನೆರೆಕರೆಯ ಗಂಡಸರು ತಿಂಡಿಯ ಬಟ್ಟಲು ಬಿಟ್ಟು ಓಡಿ ಬಂದಿದ್ದರು. ಎತ್ತುವ ಕೈಗಳಿಗೆ ಬರವಿರಲಿಲ್ಲ. ತೊಂದರೆ ಇದ್ದದ್ದು ಮೆಟ್ಟಿಲಿನದು, ಮತ್ತು ಆ ಮೆಟ್ಟಿಲು ಹೀಗೇ ಇರಬೇಕೆಂದು ಹಟ ಹಿಡಿದು ಕಟ್ಟಿಸಿದ ಮೊಯಿದಿನಬ್ಬ ಈಗ ಹೆಂಡತಿಯ ತಲೆಯ ಹತ್ತಿರ ನಿಂತಿದ್ದ.

ಪಾಣೆಮಂಗಳೂರಿನಲ್ಲಿ ಗಲ್ಫಿನ ಮನೆಗಳಿಗೇನೂ ಕೊರತೆಯಿಲ್ಲ. ಒಬ್ಬನ ಮನೆಗೆ ಹಡಗಿನ ಮೂತಿ, ಇನ್ನೊಬ್ಬನದಕ್ಕೆ ವಿಮಾನದ ಆಕಾರದ ನೀರಿನ ಟ್ಯಾಂಕಿ. ಆದರೆ ಎರಡು ಸಾವಿರದ ಇಸವಿಯಲ್ಲಿ ಮೊಯಿದಿನಬ್ಬ ದುಬೈ ಬಿಟ್ಟು ಬಂದು ಕಟ್ಟಿಸಿದ್ದು ಸಾಕ್ಷಾತ್ ಕೋಟೆ. ಮಾತಿಗೆ ಹೇಳುವ ಕೋಟೆಯಲ್ಲ. ದುಂಡನೆಯ ಬುರುಜು, ಅದರ ನೆತ್ತಿಯಲ್ಲಿ ಹಲ್ಲು ಹಲ್ಲಾದ ಗೋಡೆ, ಕಿಟಕಿ ಇರಬೇಕಾದಲ್ಲಿ ಕೈ ತೂರುವಷ್ಟೇ ಅಗಲದ ಸೀಳು. ಸರ್ವಿಸ್ ಬಸ್ಸಿನವರು ಆ ತಿರುವಿಗೆ ಬಂದಾಗ "ಕಾಸಲ್, ಕಾಸಲ್" ಎಂದು ಕೂಗಿ ಜನ ಇಳಿಸತೊಡಗಿದರು. ಅದು ಕಿವಿಗೆ ಬಿದ್ದ ದಿನ ಮೊಯಿದಿನಬ್ಬ ಎರಡು ಸಲ ಗೇಟಿನವರೆಗೆ ಹೋಗಿ ಬಂದ, ಸುಮ್ಮನೆ.

ಈ ಹುಚ್ಚು ಹಿಡಿಸಿದವನು ಗ್ವಿನ್ ಎಂಬ ಇಂಜಿನಿಯರ್. ದುಬೈಯಲ್ಲಿ ಮೊಯಿದಿನಬ್ಬ ಬಹಳ ವರ್ಷ ಅವನ ಕಾರು ಓಡಿಸಿದ. ನೀವು ಇಂಗ್ಲಿಷಿನವರಾ ಎಂದು ಯಾರಾದರೂ ಕೇಳಿದರೆ ಗ್ವಿನ್‌ನ ಮೂಗು ಕೆಂಪಾಗುತ್ತಿತ್ತು. ತಾನು ವೇಲ್ಸಿನವನು, ಆ ನಾಡೇ ಬೇರೆ, ಭಾಷೆಯೇ ಬೇರೆ. ನಿಮ್ಮ ಭಾಷೆಗೆ ಲಿಪಿ ಎಲ್ಲಿ ಉಂಟು ಎಂದು ಊರಿಡೀ ಕೇಳಿಸಿಕೊಂಡು ಬೆಳೆದ, ಬ್ಯಾರಿ ಮಾತಾಡುವ ಮೊಯಿದಿನಬ್ಬನಿಗೆ ಈ ಸಿಟ್ಟನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಶಾರ್ಜಾ ರಸ್ತೆಯಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಾಗಲೆಲ್ಲ ಗ್ವಿನ್ ತನ್ನ ಊರಿನ ಕೋಟೆಯ ಕಥೆ ತೆಗೆಯುತ್ತಿದ್ದ. ಆ ಕೋಟೆಯ ಹೆಸರು ಮಾತ್ರ ಮೊಯಿದಿನಬ್ಬನ ನಾಲಿಗೆಗೆ ಕೊನೆಯವರೆಗೂ ಹತ್ತಲಿಲ್ಲ.

ಏಳುನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ದೊರೆ ಕಟ್ಟಿಸಿದ ಕೋಟೆ ಅದು. ಗೋಡೆಯ ಸುತ್ತ ಇನ್ನೊಂದು ಗೋಡೆ. ಹೆಬ್ಬಾಗಿಲಿನ ಮಾಡಿನಲ್ಲಿ ಕಲ್ಲು, ಬಿಸಿನೀರು ಸುರಿಯಲು ತೂತು. ಹೊರಗಿನಿಂದ ಗೆರೆಯ ಹಾಗೆ ಕಂಡು ಒಳಗೆ ಅಗಲವಾಗುವ ಕಿಂಡಿ; ಒಳಗಿದ್ದವನು ಬಾಣ ಬಿಡಬಹುದು, ಹೊರಗಿನವನಿಗೆ ಗುರಿ ಸಿಗದು. ಬುರುಜಿನ ಒಳಗೆ ಒಬ್ಬನೇ ಹಿಡಿಸುವಂಥ ಸುರುಳಿ ಮೆಟ್ಟಿಲು, ಬಲಕ್ಕೆ ತಿರುಗುತ್ತ ಏರುತ್ತದೆ. ಹತ್ತಿ ಬರುವ ಶತ್ರುವಿನ ಕತ್ತಿ ನಡುಗಂಬಕ್ಕೆ ತಾಗುತ್ತದೆ, ಮೇಲೆ ನಿಂತ ಯಜಮಾನನ ಕೈಗೆ ಬೇಕಾದಷ್ಟು ಜಾಗ. ನಡುವೆ ಒಂದು ಮೆಟ್ಟಿಲು ಬೇಕೆಂದೇ ಎತ್ತರ, ಗೊತ್ತಿಲ್ಲದೆ ಓಡಿ ಬಂದವನು ಮುಗ್ಗರಿಸಬೇಕು.

"ಯಾರನ್ನು ತಡೆಯಲಿಕ್ಕೆ ಸಾರ್ ಇಷ್ಟೆಲ್ಲ?" ಎಂದು ಮೊಯಿದಿನಬ್ಬ ಕೇಳಿದ್ದ.

"ನಮ್ಮನ್ನೇ," ಎಂದು ಗ್ವಿನ್ ಕಿಟಕಿಯ ಹೊರಗೆ ನೋಡಿದ್ದ. "ಅದು ನಮ್ಮೂರಿನಲ್ಲಿದೆ ಅಷ್ಟೆ. ನಮಗಾಗಿ ಕಟ್ಟಿದ್ದಲ್ಲ."

ಆ ಮಾತಿನ ಹಿಂದೆ ಏನೋ ಇತ್ತು. ಮೊಯಿದಿನಬ್ಬನಿಗೆ ಅದು ತಟ್ಟಲಿಲ್ಲ. ಊರಿಗೆ ಹೊರಟಾಗ ಗ್ವಿನ್ ಕೊಟ್ಟ ಕೋಟೆಯ ದೊಡ್ಡ ಪಟವನ್ನು ಅವನು ಮಡಿಲಲ್ಲಿಟ್ಟುಕೊಂಡೇ ವಿಮಾನದಲ್ಲಿ ಕೂತು ಬಂದ.

ಜುಲೈಕಾ ಪಟ ನೋಡಿ ಮೊದಲು ನಕ್ಕಳು. "ನಮ್ಮ ಮೇಲೆ ಯುದ್ಧಕ್ಕೆ ಬರುವವರು ಯಾರು? ಮೀನಿನವನಾ, ಗ್ಯಾಸಿನವನಾ?" ಎಂದಳು. ಕೆಲಸ ಶುರುವಾದ ಮೇಲೆ ಒಂದೇ ಒಂದು ಕೇಳಿದಳು, ಮಲಗುವ ಕೋಣೆ ಕೆಳಗಿರಲಿ, ನನ್ನ ಮೊಣಕಾಲು ಹೇಳಿದ ಹಾಗೆ ಕೇಳುವುದಿಲ್ಲ ಎಂದು. "ರಾಣಿ ಎಲ್ಲಿಯಾದರೂ ಕೆಳಗೆ ಮಲಗ್ತಾಳಾ?" ಎಂದು ಮೊಯಿದಿನಬ್ಬ ತಮಾಷೆ ಮಾಡಿದ. ಅವಳು ಮತ್ತೆ ನಕ್ಕಳು. ಆ ನಗುವನ್ನೇ ಒಪ್ಪಿಗೆ ಎಂದು ಬಗೆದು ಅವನು ಬುರುಜಿನ ಮೇಲೆ ಕೋಣೆ ಹಾಕಿಸಿದ. ಗಂಡಸರಿಗೆ ಹೆಂಗಸರ ನಗುವಿನ ಅರ್ಥ ಹಚ್ಚುವುದು ಯಾವಾಗಲೂ ಹೀಗೇ, ತಮಗೆ ಬೇಕಾದ ಹಾಗೆ.

ಮೂಡುಬಿದಿರೆ ಕಡೆಯ ಮೇಸ್ತ್ರಿ ಲೋಕನಾಥ ಮಾತ್ರ ಬಾಯಿಬಿಟ್ಟು ಹೇಳಿದ. "ಬ್ಯಾರಿಗಳೇ, ಮೆಟ್ಟಿಲು ಒಂದೇ ಸಮ ಇರಬೇಕು. ನಡುವೆ ಒಂದು ಎತ್ತರ ಮಾಡಿದರೆ ಎಂತ ಮೇಸ್ತ್ರಿ ಮಾರಾಯ ಇವ ಅಂತ ಜನ ನಗ್ತಾರೆ."

"ಅದರಲ್ಲೇ ಗುಟ್ಟು ಉಂಟು ಲೋಕನಾಥಣ್ಣ. ನೀವು ಕಟ್ಟಿ."

ಕಟ್ಟಿದ. ಆದರೆ ಆ ಎತ್ತರದ ಮೆಟ್ಟಿಲಿನಿಂದಾಗಿ ಒಟ್ಟಿನಲ್ಲಿ ಒಂದು ಮೆಟ್ಟಿಲು ಕಡಿಮೆಯಾಯಿತು. ಲೋಕನಾಥ ಕೆಳಗಿನಿಂದ "ಇಂದ್ರ, ಯಮ, ರಾಜ" ಎಂದು ಮೆಟ್ಟಿಲಿಗೊಂದರಂತೆ ಮತ್ತೆ ಮತ್ತೆ ಎಣಿಸುತ್ತ ಹತ್ತಿದ. ಅವನ ಗುರು ಕಲಿಸಿದ ಲೆಕ್ಕದಲ್ಲಿ ಕೊನೆಯ ಮೆಟ್ಟಿಲು ಯಮನ ಪಾಲಿಗೆ ಬೀಳಕೂಡದು. ಬಿದ್ದಿತ್ತು. "ನಿಮಗೆ ಯಮ ಇಲ್ಲದಿರಬಹುದು ಬ್ಯಾರಿಗಳೇ, ಕಟ್ಟಿದವನಿಗೆ ಉಂಟಲ್ಲ!" ಎಂದು ಹೇಳಿ, ಮೇಲಿನ ತಿರುವಿನಲ್ಲಿ ಇನ್ನೊಂದು ಮೆಟ್ಟಿಲನ್ನು ಒತ್ತಿ ತುರುಕಿದ. ಪಾದ ಅಡ್ಡ ಇಟ್ಟರೆ ಮಾತ್ರ ನಿಲ್ಲುವಷ್ಟು ಸಪೂರ. ಮೊಯಿದಿನಬ್ಬ ಬೇಡವೆನ್ನಲಿಲ್ಲ. ಇಂಗ್ಲೆಂಡಿನ ದೊರೆಯ ಉಪಾಯವೂ ನಡೆಯಿತು, ಮೇಸ್ತ್ರಿಯ ಗುರುವಿನ ಲೆಕ್ಕವೂ ಉಳಿಯಿತು, ಇಬ್ಬರೂ ಚಹಾ ಕುಡಿದು ನಕ್ಕರು. ಮಂಚ ಮೇಲೆ ಹೋಗಲಿಲ್ಲ. ಆಚಾರಿಯನ್ನು ಕರೆಸಿ ಕೋಣೆಯೊಳಗೇ ಜೋಡಿಸಿದರು. ಮಂಚ ಹೋಗದಲ್ಲಿ ಮನುಷ್ಯರು ಮಲಗಿದ ಹಾಗೆಯೇ ಬರುವುದು ಹೇಗೆ ಎಂದು ಆಗ ಒಬ್ಬರಿಗೂ ಹೊಳೆಯಲಿಲ್ಲ.

ಐದು ವರ್ಷ ಕಳೆದು, ಇವತ್ತು ಬೆಳಿಗ್ಗೆ ಜುಲೈಕಾ ಕನ್ನಡಿಯ ಮುಂದೆ ತಲೆವಸ್ತ್ರ ಕಟ್ಟುತ್ತ ಕುಸಿದಿದ್ದಳು.

ಮೊದಲು ಫಾಝಿಲ್ ಅವಳನ್ನು ಬೆನ್ನ ಮೇಲೆ ಹಾಕಿಕೊಂಡ. ಅವಳು ತುಂಬಿದ ಮೈಯವಳು. ಹಿಡಿದುಕೊಳ್ಳಲು ಕೈಯಲ್ಲಿ ಬಲವಿಲ್ಲ. ಮೇಲಿನ ತಿರುವಿನಲ್ಲೇ ಅವಳ ತಲೆ ಜೋಲಿ ಗೋಡೆಗೆ ಬಡಿಯಿತು. ವಾಪಸು ತಂದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸಲು ನೋಡಿದರು, ಕುರ್ಚಿ ನಡುಗಂಬಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡಿತು. ಮತ್ತೆ ಹೊದಿಕೆಯಲ್ಲಿ ತೊಟ್ಟಿಲ ಹಾಗೆ ಎತ್ತಿದರು. ಆ ಸಪೂರ ಮೆಟ್ಟಿಲನ್ನು ಹೇಗೋ ದಾಟಿದರು, ಎತ್ತರದ ಮೆಟ್ಟಿಲಿಗೆ ಬರುವಾಗ ಮುಂದೆ ಹಿಡಿದಿದ್ದ ನೆರೆಮನೆಯ ಉಸ್ಮಾನ್ ಕಾಲಿಗೆ ನೆಲೆ ಸಿಗದೆ ಮುಗ್ಗರಿಸಿದ. ಹೊದಿಕೆ ಜಗ್ಗಿ ಅವಳ ಕುತ್ತಿಗೆ ಮಡಚಿತು, ಉಸಿರು ಗೊರಗೊರ ಎಂದಿತು.

"ಬೇಡ, ಬೇಡ! ಮೇಲೆ ತನ್ನಿ, ಹೀಗಾದರೆ ಇಲ್ಲೇ ಹೋಗ್ತಾರೆ," ಎಂದು ಡಾಕ್ಟರು ಕಿರುಚಿದರು.

ಮತ್ತೆ ಹಾಸಿಗೆಗೇ ತಂದು ಮಲಗಿಸಿದರು. ಅವಳಿಗೆ ಪ್ರಜ್ಞೆ ಇತ್ತು. ಸೊಟ್ಟಗಾದ ಬಾಯಿಯಿಂದ ಅವಳು ಏನೋ ಹೇಳಲು ನೋಡಿದಳು, ಸ್ವರ ಬಂತು, ಮಾತು ಬರಲಿಲ್ಲ. ಆಡುವ ಬಲಗೈಯಿಂದ ಮೊಯಿದಿನಬ್ಬನ ತೋಳನ್ನು ಹಿಡಿದುಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳ ಕಣ್ಣಿನಲ್ಲಿ ಇದ್ದದ್ದು ಬೈಗಳಲ್ಲ, ಈಗ ನೀವೇ ಏನಾದರೂ ಮಾಡುತ್ತೀರಿ ಎಂಬ ನಂಬಿಕೆ. ಅವನಲ್ಲಿ ಮಾಡಲು ಏನೂ ಇರಲಿಲ್ಲ.

"ಬಾಪ, ಗೋಡೆ ಒಡೆಯುವ," ಎಂದ ಫಾಝಿಲ್. ಅಪ್ಪನ ಒಪ್ಪಿಗೆಗೆ ಅವನು ಕಾಯಲಿಲ್ಲ, ಆಗಲೇ ಲೋಕನಾಥನಿಗೆ ಫೋನ್ ಮಾಡಿ ಆಗಿತ್ತು. ಪುಣ್ಯಕ್ಕೆ ಅವನು ಹತ್ತಿರದ ಮೆಲ್ಕಾರಿನಲ್ಲೇ ಒಂದು ಮನೆಯ ಕೆಲಸದಲ್ಲಿದ್ದ. ಆಳುಗಳನ್ನೂ ಅಟ್ಟಣಿಗೆಗೆ ಬೇಕಾದ ಮರಗಳನ್ನೂ ಪಿಕಪ್ಪಿಗೆ ಹೇರಿಕೊಂಡು ಬಂದ. ಹೊರಗೆ ಅಟ್ಟಣಿಗೆ ಕಟ್ಟುತ್ತ, ಒಳಗೆ ಗೋಡೆಗೆ ಹಾರೆ ಹಾಕಿಸಿದ. ಹಾರೆ ಠಣ್ ಎಂದು ಪುಟಿಯಿತು.

"ಎರಡು ವರಸೆ ಮುರಕಲ್ಲು ಬ್ಯಾರಿಗಳೇ, ನಡುವೆ ಕಾಂಕ್ರೀಟು. ನೀವೇ ಹೇಳಿದ್ದಲ್ಲವಾ, ಫಿರಂಗಿಗೂ ಬೀಳಬಾರದು ಅಂತ," ಎಂದ ಲೋಕನಾಥ. ಚುಚ್ಚಲು ಹೇಳಿದ್ದಲ್ಲ. ಅವನ ಕಣ್ಣಲ್ಲೂ ನೀರಿತ್ತು. ತಾನು ಗಟ್ಟಿಯಾಗಿ ಕಟ್ಟಿದ್ದಕ್ಕೆ ಮೇಸ್ತ್ರಿಯೊಬ್ಬ ಅಳುವುದನ್ನು ಮೊಯಿದಿನಬ್ಬ ಅದೇ ಮೊದಲು ನೋಡಿದ.

ಹೊತ್ತು ಸರಿಯಿತು. ಎಷ್ಟು ಎಂದು ಮೊಯಿದಿನಬ್ಬ ಗಡಿಯಾರ ನೋಡಲಿಲ್ಲ, ಧೈರ್ಯ ಬರಲಿಲ್ಲ. ತಾನೂ ಪಿಕ್ಕಾಸು ಎತ್ತಿ ಹೊಡೆಯಲು ಹೋದ. ಏಟು ಹಾರಿ ಹಾರಿ ಬೀಳುತ್ತಿತ್ತು, ಯಾರೋ ಅವನ ಕೈಯಿಂದ ತೆಗೆದುಕೊಂಡರು. ಕೆಂಪು ಧೂಳು ಜುಲೈಕಾಳ ಮುಖದ ಮೇಲೆ ಕೂರದಂತೆ ಅವನು ಒದ್ದೆ ಬಟ್ಟೆ ಹಿಡಿದು ಕೂತ. ಅವನ ಪಾಲಿಗೆ ಉಳಿದ ಕೆಲಸ ಅದೊಂದೇ. ಕೊನೆಗೆ ಒಂದು ಕಲ್ಲು ಹೊರಗೆ ಉರುಳಿತು, ಅದರ ಹಿಂದೆ ಇನ್ನಷ್ಟು. ಹಗಲಿನಲ್ಲೂ ದೀಪ ಹಾಕುತ್ತಿದ್ದ ಆ ಕೋಣೆಗೆ ಬಿಸಿಲು ದಡದಡನೆ ನುಗ್ಗಿತು. ಜುಲೈಕಾ ಅತ್ತ ತಿರುಗಿ ಕಣ್ಣು ಕಿರಿದು ಮಾಡಿದಳು.

ಹಲಗೆಗೆ ಅವಳನ್ನು ಕಟ್ಟಿ, ಅಟ್ಟಣಿಗೆಯಿಂದ ಹಗ್ಗದಲ್ಲಿ ಇಳಿಸಬೇಕು. ಆದರೆ ಅವಳ ಬಲಗೈ ಮೊಯಿದಿನಬ್ಬನ ತೋಳನ್ನು ಬಿಡಲೊಲ್ಲದು. "ಬಿಡಿಸಿ, ಬಿಡಿಸಿ," ಎಂದು ಎಲ್ಲರೂ ಅವಸರಿಸಿದರು. ಅವನೇ ಒಂದೊಂದಾಗಿ ಬೆರಳು ಬಿಡಿಸಿದ. "ನಾನು ಈಗ ಕೆಳಗೆ ಬಂದೆ, ನೀನು ನಡಿ," ಎಂದ. ಅವಳು ಗಾಳಿಯಲ್ಲಿ ನಿಧಾನ ತೂಗುತ್ತ ಇಳಿದಳು.

ಅವನು ಮೆಟ್ಟಿಲಿಗೆ ಓಡಿದ. ಅಲ್ಲಿ ಹಾರೆ ಹೊತ್ತವರು, ಹೊದಿಕೆ ಹಿಡಿದವರು ಒಬ್ಬರ ಹಿಂದೆ ಒಬ್ಬರು ಇಳಿಯುತ್ತಿದ್ದರು. ಒಬ್ಬನನ್ನು ದಾಟಿ ಇನ್ನೊಬ್ಬ ಮುಂದೆ ಹೋಗುವಂತಿರಲಿಲ್ಲ. "ಸ್ವಲ್ಪ ಜಾಗ ಕೊಡಿ ಮಾರಾಯ್ರೆ" ಎಂದು ಮೊಯಿದಿನಬ್ಬ ಅವರ ಬೆನ್ನಿಗೆ ಅಂಗಲಾಚಿದ. ಕೊಡಲು ಜಾಗ ಎಲ್ಲಿತ್ತು? ಅವನು ಅಂಗಳಕ್ಕೆ ಬರುವಾಗ ಡಾಕ್ಟರು, ಫಾಝಿಲ್, ಸೊಸೆ ಜಸ್ನಾ ಹತ್ತಿ ಓಮ್ನಿ ಗೇಟು ದಾಟಿ ಆಗಿತ್ತು. ತಡ ಮಾಡಬೇಡ ಎಂದು ಡ್ರೈವರನಿಗೆ ಮೊದಲೇ ಹೇಳಿಟ್ಟವನೂ ಮೊಯಿದಿನಬ್ಬನೇ.

"ನಾನು ಜೀಪು ತರ್ತೇನೆ, ಹಿಂದಿನಿಂದಲೇ ಹೋಗುವ. ನೀವು ಅಂಗಿ ಬದಲಿಸಿ," ಎಂದು ಉಸ್ಮಾನ್ ಕುಂಟುತ್ತ ಓಡಿದ. ಮೊಯಿದಿನಬ್ಬನ ಮೈಯೆಲ್ಲ ಕೆಂಪು ಧೂಳು. ಅವನು ಮತ್ತೆ ಮೇಲೆ ಹತ್ತಿದ. ಕೆಳಗೆ ಚಾವಡಿಯಲ್ಲಿ ಹೆಂಗಸರು ಸೇರಿ ಜುಲೈಕಾಳಿಗೆ ಗುಣವಾಗಲೆಂದು ಕುರ್‌ಆನಿನ ಯಾಸೀನ್ ಓದಲು ಕೂತಿದ್ದರು, ಅವರ ಸ್ವರ ಮೆಟ್ಟಿಲ ಸುರುಳಿಯಲ್ಲಿ ಅವನ ಜೊತೆಗೇ ಏರಿತು. ಅಂಗಿ ಹುಡುಕುವುದು ಬಿಟ್ಟು ಅವನು ಮಂಚದಲ್ಲಿ ಕೂತುಬಿಟ್ಟ. ಜೀಪು ಬಂದರೆ ಕೂಗುತ್ತಾರೆ ಎಂದು ಕಾದ. ಬರಲಿಲ್ಲ. ಉಸ್ಮಾನನಿಗೆ ಜೀಪು ಸಿಗಲು ಹೊತ್ತಾಗಿರಬೇಕು.

ಒಡೆದ ಗೋಡೆಯಿಂದ ಈಗ ತೆಂಗಿನ ತಲೆಗಳ ಆಚೆ ನೇತ್ರಾವತಿಯ ಸೇತುವೆ ಚೆನ್ನಾಗಿ ಕಾಣುತ್ತಿತ್ತು. ಲಾರಿಗಳು, ಬಸ್ಸು, ಮತ್ತೊಂದು ಲಾರಿ. ಅದರ ಹಿಂದೆ ಬಿಳಿ ಓಮ್ನಿ.

ಅದು ಈ ಕಡೆಗೆ ಬರುತ್ತಿತ್ತು. ಮಂಗಳೂರಿಗೆ ಹೋದ ಗಾಡಿ ಇಷ್ಟು ಬೇಗ ಬರುವುದುಂಟೇ? ಬೇರೆ ಯಾರದೋ ಇರಬಹುದು ಎಂದುಕೊಂಡ. ಹೋಗುವಾಗ ಹಾರ್ನು ಒತ್ತಿ ಹಿಡಿದು ಹೋದ ಡ್ರೈವರ್ ಈಗ ಲಾರಿಯನ್ನು ಹಿಂದೆ ಹಾಕಲೂ ನೋಡುತ್ತಿರಲಿಲ್ಲ. ಸೇತುವೆ ಮುಗಿದಾಗ ಗಾಡಿ ಹೆದ್ದಾರಿ ಬಿಟ್ಟು ಮನೆಯ ರಸ್ತೆಗೆ ತಿರುಗಿತು, ಮೆಲ್ಲನೆ.

ಚಾವಡಿಯಿಂದ ಓದು ಮೇಲೆ ಬರುತ್ತಲೇ ಇತ್ತು. ಇಳಿದು ಹೋಗಿ ಹೇಳಬೇಕು ಎಂದು ಅವನು ಎದ್ದ. ಹೇಳಿದರೆ ಓದು ನಿಲ್ಲುತ್ತದೆ. ಗಾಡಿ ಗೇಟಿಗೆ ಬರುವಷ್ಟು ಹೊತ್ತಾದರೂ ಆ ಹೆಂಗಸರಿಗೆ ಅವಳು ಬದುಕಿರಲಿ ಎಂದು ಮೊಯಿದಿನಬ್ಬ ಬಾಯಿ ಮುಚ್ಚಿಕೊಂಡು ಅಲ್ಲೇ ನಿಂತ.